ಗೋಡೆಯೊಳಗಿನ ಬಿಸಿನೀರು

ಗೋಡೆ ಎಲ್ಲಿ ಬಿರುಕು ಬಿಟ್ಟೀತೋ, ಬಿಸಿನೀರು ಚಿಮ್ಮಿ ಎಲ್ಲಿ ಮಗು ಚಿರಾಗನ ಮೇಲೆ ಬಿದ್ದೀತೋ ಎಂಬುದೊಂದೇ ಈ ಚಳಿಗಾಲ ಶುರುವಾದಾಗ ನನ್ನ ತಲೆಯಲ್ಲಿದ್ದುದು. ಈ ಕೊಲ್ಲಿ ದೇಶದಲ್ಲಿ ನಾವಿರುವ ಅಲ್ ಗರಾಫಾದ ವಿಲ್ಲಾವನ್ನು ಪಾಲು ಪಾಲು ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ. ನಮ್ಮ ತೊಟ್ಟಿಲ ಹಿಂದಿನ ಗೋಡೆಯೊಳಗಿಂದಲೇ ಮಹಡಿಯ ಬರ್ನಡೆಟ್ ಬಾಯಿಯವರ ಬಚ್ಚಲಿಗೆ ಬಿಸಿನೀರಿನ ಪೈಪು ಹೋಗುತ್ತದೆ.

ಬೇಸಿಗೆಯಲ್ಲಿ ಅದು ಮೂಕ. ಆಗ ಟೆರೇಸಿನ ಟ್ಯಾಂಕಿನ ನೀರೇ ಸುಡುವುದರಿಂದ ಎಲ್ಲರೂ ಹೀಟರ್ ಆರಿಸಿ, ಮನೆಯೊಳಗಿನ ಅದರ ತೊಟ್ಟಿಯಲ್ಲಿ ನಿಂತು ತಣಿದ ನೀರಲ್ಲೇ ಮೀಯುತ್ತೇವೆ. ಡಿಸೆಂಬರಿನಲ್ಲಿ ಹೀಟರ್ ಹಾಕಿದ್ದೇ ತಡ, ನಸುಕಿಗೆ ಮೇಲೆ ನಲ್ಲಿ ತಿರುಗಿದೊಡನೆ ಟಣ್, ಟಣ್! ಬಳೆ ತೊಟ್ಟ ಯಾರೋ ಗೋಡೆಯೊಳಗೆ ಮೆಟ್ಟಿಲು ಹತ್ತುವಂತೆ. ಅರೆನಿದ್ದೆಯಲ್ಲಿ ನಾನೂ ಅವಳ ಹಿಂದೆ ಹತ್ತುತ್ತಿದ್ದೆ. ಚಿರಾಗ್ ಚೀರಿದಾಗಲೇ ಎಚ್ಚರ.

"ಒಳಗೆ ಪೈಪು ಹಿಡಿಯುವ ಕ್ಲಾಂಪು ಬಿಟ್ಟಿರ್ಬೇಕು, ಬಿಸಿನೀರಿಗೆ ಹಿಗ್ಗಿ ಬಡೀತದೆ. ಪೊಡಿಯಬ್ಬಣ್ಣನಿಗೆ ಹೇಳು," ಎಂದರು ನನ್ನ ಗಂಡ ಶರಣ್.

ಮನೆ ನೋಡಿಕೊಳ್ಳುವ ಪೊಡಿಯಬ್ಬಣ್ಣ ಕೀ ಕೊಡುವಾಗಲೇ ಹೇಳಿದ್ದರು: "ಗೋಡೆಗೆ ಮಾತ್ರ ಕೈ ಹಾಕ್ಬೇಡಿ ಆಯ್ತಾ. ಓನರಿಗೆ ಗೊತ್ತಾದ್ರೆ ಖಲಾಸ್, ಪೆಟ್ಟಿಗೆ ಕಟ್ಟುದೇ."

ಮಗುವನ್ನೆತ್ತಿಕೊಂಡು ಬೇರೆ ಮನೆ ಹುಡುಕುವುದನ್ನು ನೆನೆದು ಅವರಿಗೆ ಹೇಳಲು ಹೋಗಲಿಲ್ಲ. ಬರ್ನಡೆಟ್ ಬಾಯಿಯವರ ಹತ್ತಿರ ಮಾತ್ರ ಗೊಣಗಿದೆ.

ಕರಾವಳಿಯ ಶಿರ್ವದಲ್ಲಿ ಟೈಪಿಂಗ್ ಕಲಿತು ಬಂದ ಅವರು ಇಲ್ಲಿಯ ಲಾರಿ ಕಂಪನಿಯೊಂದರ ಆಫೀಸಿನಲ್ಲೇ ಕೂದಲು ಬೆಳ್ಳಗಾಗಿಸಿಕೊಂಡವರು. ಮದುವೆ ಯಾಕಾಗಲಿಲ್ಲವೆಂದರೆ, "ರಜೆ ಸಿಗ್ಲಿಲ್ಲ ಮಾರಾಯ್ತಿ" ಎಂದು ನಗುವವರು. ಇಲ್ಲಿ ರಜೆಯಾದ ಶುಕ್ರವಾರ ಇಗರ್ಜಿಯ ಪ್ರಾರ್ಥನೆ ಮುಗಿಸಿ ಬರುವಾಗ ಚಿರಾಗನಿಗೊಂದು ಬಲೂನು ತಾರದೆ ಬಂದವರಲ್ಲ.

"ಅಯ್ಯೋ, ಆ ಶಬ್ದ ನನ್ನದಾ? ಆಚೆಮನೆಯವ್ರು ಮಾಂಸ ಕೊಚ್ಚುದು ಅಂತ ಗ್ರಹಿಸಿದ್ದೆ!" ಎಂದರು.

ಮರುದಿನದಿಂದ ಗೋಡೆ ತೆಪ್ಪಗಾಯಿತು. ಪೈಪು ತಾನಾಗಿಯೇ ಸರಿಯಾಯಿತೆಂದು ನಂಬಿದೆ. ಆ ಬಳೆಯವಳು ಕನಸಿನಿಂದಲೂ ಇಳಿದು ಹೋದಳು. ಆದರೆ ಮೇಲಿನಿಂದ ಕೆಮ್ಮು ಕೇಳತೊಡಗಿತು.

ಇವತ್ತು ಬೆಳಗ್ಗೆ ಶುಂಠಿ ಕಷಾಯ ಒಯ್ದೆ. ಆಗಷ್ಟೇ ಮಿಂದು ಬಂದಿದ್ದ ಅವರಿಗೆ ಶಾಲು ಹೊದ್ದರೂ ಹಲ್ಲು ಕಟಕಟ. ಲೋಟ ಕೊಡುವಾಗ ತಾಗಿದ ಬೆರಳು ಮಂಜುಗಡ್ಡೆಯಂತಿತ್ತು.

"ಬಾಯಿ, ತಣ್ಣೀರಲ್ಲಿ ಮೀಯುದಾ ನೀವು?"

"ಮತ್ತೆಂಥ ಮಾಡುದು? ಮಗು ಮಲಗ್ಲಿ. ತಣ್ಣೀರು ಬಿದ್ರೆ ನಂಗೂ ಆಫೀಸಲ್ಲಿ ತೂಕಡಿಕೆ ಇಲ್ಲ." ನಗಲು ಹೋಗಿ ಕೆಮ್ಮಿದರು.

ಕೆಳಗೆ ಬಂದು ಗೋಡೆಗೆ ಕಿವಿಯಿಟ್ಟೆ. ಏನೂ ಇಲ್ಲ. ನನ್ನ ಕನಸಿನ ಬಳೆಯವಳು ಅಲ್ಲೇ ಎಲ್ಲೋ ನಡುಮೆಟ್ಟಿಲಲ್ಲಿ, ಸದ್ದಾಗದಂತೆ ಬಳೆ ಅದುಮಿಕೊಂಡು ಚಳಿಗೆ ನಡುಗುತ್ತ ನಿಂತಂತಿತ್ತು. ಬಾಗಿಲು ಅರ್ಧ ಮಾತ್ರ ತೆರೆಯುವ ಹಾಗಾದರೂ ಸರಿ, ತೊಟ್ಟಿಲನ್ನು ಕೋಣೆಯ ನಡುವಿಗೆ ಎಳೆದು ಫೋನ್ ಎತ್ತಿಕೊಂಡೆ.

"ಪೊಡಿಯಬ್ಬಣ್ಣಾ, ಮೋಕ್ಷಾ ಮಾತಾಡುದು. ಪೈಪು ಸರಿ ಮಾಡ್ಬೇಕು. ಹೌದು, ಗೋಡೆ ಒಡೀಬೇಕು. ಓನರಿಗೆ ಬೇಕಾದ್ರೆ ನಾನೇ ಹೇಳ್ತೇನೆ."