ಸೂಜಿಗೆ ದಾರ ಪೋಣಿಸುವ ಸಿನಿಮಾ

ನನ್ನ ಸೊಸೆ ಹೈಸ್ಕೂಲಿನಲ್ಲಿ ಚಿತ್ರಕಲೆಯ ಟೀಚರ್. ಮಕ್ಕಳ ತಲೆ ಸ್ವಲ್ಪ ತಣ್ಣಗಾಗಲಿ ಎಂದು ಮಾತು, ಹಾಡು, ಕಥೆ ಯಾವುದೂ ಇಲ್ಲದ ಸಿನಿಮಾ ತಾನೇ ತೆಗೆದು, ವಾರಕ್ಕೊಂದು ಗಂಟೆ ಹತ್ತನೇ ತರಗತಿಗೆ ತೋರಿಸುತ್ತಾಳೆ. ಇನ್ನೊಮ್ಮೆ ಗಲಾಟೆ ಆದರೆ ಆ ಗಂಟೆ ಗಣಿತಕ್ಕೆ ಎಂದು ಶಾಲೆಯ ಮುಖ್ಯಸ್ಥೆ, ದೊಡ್ಡ ಮೇಡಂ, ಹೇಳಿಬಿಟ್ಟಿದ್ದರು.

ಆ ವಾರ ಅವಳು ತೆಗೆದದ್ದು ನನ್ನ ಕೈಯನ್ನು. ಸೂಜಿಗೆ ದಾರ ಪೋಣಿಸುವುದು, ಅಷ್ಟೇ. ಕಣ್ಣು ಮಂದ, ಆರು ಸಲ ತಪ್ಪಿತು.

“ತಪ್ಪಿದ್ದೆಲ್ಲ ಕತ್ತರಿಸಿ ಹಾಕೇ, ಮಾನ ಹೋಗತ್ತೆ,” ಅಂದೆ.

“ತಪ್ಪಿದ್ದೇ ಸಿನಿಮಾ ಅತ್ತೆ. ನೀವೇ ಬಂದು ನೋಡಿ.”

ಹೋದೆ. ಪರದೆಯ ಮೇಲೆ ನನ್ನ ಹೆಬ್ಬೆರಳು ಬಾಗಿಲಷ್ಟು ದೊಡ್ಡದಾಗಿತ್ತು. “ಅಜ್ಜೀ, ಕನ್ನಡಕ ಹಾಕ್ಕೊಳ್ಳಿ!” ಎಂದು ಹಿಂದಿನ ಬೆಂಚಿನ ಹುಡುಗಿ ಕೂಗಿದಳು. ಎಲ್ಲರೂ ಘೊಳ್ಳೆಂದು ನಕ್ಕರು. ಬಾಗಿಲಲ್ಲಿ ನಿಂತಿದ್ದ ದೊಡ್ಡ ಮೇಡಂ ಗಡಿಯಾರ ನೋಡಿದರು. ಸೊಸೆ ಮಾತ್ರ ಕೈಕಟ್ಟಿ ನಿಂತೇ ಇದ್ದಳು, ಯಾರನ್ನೂ ಗದರಲಿಲ್ಲ.

ಮೂರನೇ ಸಲ ತಪ್ಪಿದಾಗ ನಗು ಇಳಿಯಿತು. ಪರದೆಯಲ್ಲಿ ನನ್ನ ಬೆರಳುಗಳು ದಾರದ ತುದಿಯನ್ನು ಹೊಸೆದು ಮತ್ತೆ ಎತ್ತಿದವು. ಐದನೆಯದಕ್ಕೆ ಬೆಂಚುಗಳ ಕಿರಕಿರವೂ ನಿಂತಿತು. ಏಳನೆಯದಕ್ಕೆ ದಾರ ಒಳಹೊಕ್ಕಿತು. ನಲವತ್ತು ಮಕ್ಕಳು ಒಟ್ಟಿಗೆ ಉಸಿರು ಬಿಟ್ಟದ್ದು ನನಗೆ ಚೆನ್ನಾಗಿ ಕೇಳಿಸಿತು.

“ಟೀಚರ್, ಇನ್ನೊಂದ್ಸಲ ಹಾಕಿ,” ಅಂದಳು ಅದೇ ಹುಡುಗಿ.

ದೊಡ್ಡ ಮೇಡಂ ಒಳಗೆ ಬಂದು, ಆ ಹುಡುಗಿಯನ್ನೇ ಸರಿಸಿ ಪಕ್ಕದಲ್ಲಿ ಕೂತರು. “ಹಾಕಮ್ಮಾ. ಗಣಿತಕ್ಕೆ ಬೇರೆ ಗಂಟೆ ನೋಡೋಣ.”