ಹಿಂದಿನಿಂದ ಹತ್ತುವ ಜೀಪು

ಕಳೆದ ವರ್ಷ ಬಸವ ಜಯಂತಿಯ ದಿನ ಸಂಜೆ ಹಳೆಯ ಫೋರ್ ಬೈ ಫೋರ್ ಜೀಪೊಂದು ರಾಣೆಬೆನ್ನೂರಿನಿಂದ ಬಂದು ಹಾವೇರಿಯ ನಮ್ಮ ಮನೆ ಮುಂದೆ ನಿಂತಿತು. ಓಡಿಸಿಕೊಂಡು ಬಂದವಳು ನನ್ನ ಹೆಂಡತಿ. ಪಕ್ಕದ ಸೀಟಿನಲ್ಲಿ ನಾನಿದ್ದೆ. ಗಾಲಿಗಿಡಲು ನಿಂಬೆಹಣ್ಣು ಹಿಡಿದು ಅವ್ವ ಗೇಟಿನಲ್ಲಿ ಕಾಯುತ್ತಿದ್ದಳು.

ಜೀಪು ಕೊಂಡದ್ದು ಅವ್ವನ ಸಲುವಾಗಿ. ಅವಳ ತವರು ಮೇಡ್ಲೇರಿಯಿಂದ ಆಚೆ, ಹೊಲದ ನಡುವೆ ಇದೆ. ಈಗ ಅಲ್ಲಿ ಅವಳ ತಮ್ಮನ ಸಂಸಾರ. ಡಾಂಬರು ರಸ್ತೆ ಬಿಟ್ಟ ಮೇಲೆ ಆ ಮನೆಗೆ ಎರೆ ಮಣ್ಣಿನ ಬಂಡಿದಾರಿ ಮಾತ್ರ. ಬೇಸಿಗೆಯಲ್ಲಿ ಅದರ ಮೇಲೆ ಯಾವ ಕಾರಾದರೂ ಹೋಗುತ್ತದೆ. ಮಳೆ ಬಿದ್ದರೆ ಚಪ್ಪಲಿಯನ್ನೂ ಬಿಡದೆ ಹಿಡಿದುಕೊಳ್ಳುತ್ತದೆ. ನಾಗರ ಪಂಚಮಿ ಬರುವುದು ಸರಿಯಾಗಿ ಮಳೆಗಾಲದಲ್ಲಿ. ನಮ್ಮ ಕಡೆ ಹೆಣ್ಣುಮಕ್ಕಳು ಬೇರೆ ಯಾವ ಹಬ್ಬ ತಪ್ಪಿಸಿದರೂ ಪಂಚಮಿಗೆ ತವರು ತಪ್ಪಿಸುವುದಿಲ್ಲ. ಅವ್ವ ಚಪ್ಪಲಿ ಕೈಯಲ್ಲಿ ಹಿಡಿದು ಆ ದಾರಿಯನ್ನು ನಡೆದೇ ಹೋಗುತ್ತಿದ್ದಳು. ಮೊಣಕಾಲು ಸವೆದ ಮೇಲೆ ಅದು ನಿಂತುಹೋಯಿತು. ಟ್ರ್ಯಾಕ್ಟರಿನ ಟ್ರೇಲರ್ ಹತ್ತಲು ಅವಳು ಒಪ್ಪಲಿಲ್ಲ. ಅವಳ ತಮ್ಮ ಪಂಚಮಿಯ ಉಂಡಿಯ ಡಬ್ಬಿಯನ್ನು ಬಸ್ಸಿನಲ್ಲಿ ಕಳಿಸುತ್ತಿದ್ದ. ಅವಳು ಒಂದು ಉಂಡಿ ತಿಂದು ಉಳಿದದ್ದನ್ನು ಓಣಿಗೆ ಹಂಚುತ್ತಿದ್ದಳು. ಆ ವರ್ಷದ ಪಂಚಮಿಗೆ ಅವಳನ್ನು ಆ ಅಂಗಳಕ್ಕೆ ಮುಟ್ಟಿಸಬೇಕು ಎಂದು ನಾನು ಮತ್ತು ಹೆಂಡತಿ ನಿಶ್ಚಯಿಸಿದ್ದೆವು.

ಹಳೆಯ ಕಾರು ಮಾರಿದ್ದರಿಂದ ಮನೆಗೆ ಇದೊಂದೇ ಗಾಡಿ. ಹೆಂಡತಿ ಬ್ಯಾಡಗಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ದಿನಾ ಇದರಲ್ಲೇ ಹೋಗಿಬರಬೇಕು. ಅವಳು ಮೊದಲ ದಿನವೇ ಹೇಳಿದಳು: "ಪಂಚಮಿ ವರ್ಷಕ್ಕೊಮ್ಮೆ ಬರತೈತ್ರಿ, ಸಾಲಿ ದಿನಾ ಐತಿ. ಮಳಿ ಬಂದ್ರ ಸೋರಬಾರದು, ಸೀರಿಗೆ ಗ್ರೀಸ್ ಹತ್ತಬಾರದು. ಉಳಿದದ್ದು ನಿಮಗ ಬಿಟ್ಟದ್ದು."

ಸುದ್ದಿಮನೆಯಲ್ಲಿ ಬೇರೆಯವರ ವರದಿಯಿಂದ ಹೆಚ್ಚಿನ ಮಾತು ತೆಗೆಯುವುದು ನನ್ನ ಕೆಲಸ. ಜೀಪಿನ ವಿಷಯದಲ್ಲಿ ನಾನು ಸೇರಿಸುತ್ತಲೇ ಹೋದೆ. ಯಾವ ಯಾವುದೋ ದೇಶದ ಮರಳು, ಬಂಡೆ, ಹೊಳೆಗಳಲ್ಲಿ ಜೀಪು ಹಾಯಿಸುವವರ ವಿಡಿಯೊ ನೋಡಿದೆ. ರಾಣೆಬೆನ್ನೂರಿನಲ್ಲಿ ಟ್ರೇಲರ್ ಕಟ್ಟುವ ಗ್ಯಾರೇಜೊಂದಿದೆ. ಅಲ್ಲಿನ ಮಿಸ್ತ್ರಿಗೆ ಹೇಳಿ ಸ್ಪ್ರಿಂಗಿಗೆ ಪ್ಲೇಟು ಹೆಚ್ಚಿಸಿ ಗಾಡಿಯನ್ನು ಎತ್ತರಿಸಿದೆ. ಸಿಕ್ಕಿದ್ದರಲ್ಲೇ ಅಗಲವಾದ, ದಪ್ಪ ಕಚ್ಚಿನ ಟೈರು ಹಾಕಿಸಿದೆ. ಮುಂದೊಂದು ಹಿಂದೊಂದು ಎಳೆಯುವ ಕೊಂಡಿ, ಹಳದಿ ದೀಪ, ಗಾಳಿ ತುಂಬುವ ಪಂಪು, ನೀರಿನ ಕ್ಯಾನಿಗೆ ಸ್ಟ್ಯಾಂಡು ಬಂದವು. ಹೆಂಡತಿಯ ಪಾಲಿಗೆ ಹೊಸ ತಾಡಪತ್ರಿಯ ಟಾಪು ಹೊಲಿಸಿದೆ.

ಮನೆಗೆ ತಂದಾಗ ಅವ್ವ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಬಾಗಿಲ ಹತ್ತಿರ ನಿಂತು ಕತ್ತೆತ್ತಿ ಸೀಟು ನೋಡಿದಳು.

"ಅಂಬಾರಿ ಅಂತೂ ತಂದೀಯಪಾ. ಆನಿ ಎಲ್ಲೈತಿ?"

ಹೆಂಡತಿ ನಗು ತಡೆಯಲಾರದೆ ಒಳಗೆ ಹೋದಳು. ಯಾರಿಗಾಗಿ ಗಾಡಿ ತಂದಿದ್ದೆನೋ ಅವಳೇ ಹತ್ತಲಾರದಂತೆ ಅದನ್ನು ಸಜ್ಜುಗೊಳಿಸಿದ್ದೆ. ಮಣೆ ಇಟ್ಟು ನೋಡಿದೆವು, ಎತ್ತರ ಸಾಲಲಿಲ್ಲ. ಪ್ಲಾಸ್ಟಿಕ್ ಸ್ಟೂಲು ಜಾರಿತು. "ಇರಲಿ ಬಿಡು, ನೀವರ ತಿರುಗಾಡ್ರಿ," ಎಂದಳು ಅವ್ವ.

ಮೇ ಕೊನೆಯಲ್ಲಿ ಶಾಲೆ ತೆರೆದಾಗ ಇನ್ನೊಂದು ಪ್ರಸಂಗ ನಡೆಯಿತು. ವರ್ಷದ ಖಾರಪುಡಿಗೆಂದು ಹೆಂಡತಿ ಬ್ಯಾಡಗಿ ಪೇಟೆಯಿಂದ ಒಣಮೆಣಸಿನಕಾಯಿಯ ಚೀಲವನ್ನು ಹಿಂದಿನ ಸೀಟಿನ ಮೇಲೆ ಹಾಕಿಕೊಂಡು ಬಂದಳು. ನಮ್ಮದು, ಓಣಿಯವರದು ಎಲ್ಲ ಸೇರಿ ಒಂದೇ ದೊಡ್ಡ ಚೀಲ. ಅದರ ಧೂಳು ಬಟ್ಟೆಯ ಸೀಟಿನೊಳಗೆ, ನಾನು ಆಸೆಪಟ್ಟು ಹಾಕಿಸಿದ್ದ ಕಾರ್ಪೆಟ್ಟಿನೊಳಗೆ ಕೂತಿತು. ಮರುದಿನ ಅವಳೊಂದಿಗೆ ಹೊರಟ ಶಿಕ್ಷಕಿಯರು ಮೋಟೆಬೆನ್ನೂರು ಬರುವವರೆಗೂ ಸೀನಿದರು. ಬಡಿದೆವು, ಒರೆಸಿದೆವು, ಬಿಸಿಲಿಗಿಟ್ಟೆವು. ಗಾಳಿ ಬೀಸಿದ ಕೂಡಲೇ ಮತ್ತೆ ಸೀನು.

"ದೇವರಗುಡ್ಡಕ್ಕ ಹೋದ್ರ ಅರಿಷಿಣದ ಭಂಡಾರ ಹಾರತೈತಿ, ನಿಮ್ಮ ಗಾಡ್ಯಾಗ ಖಾರ ಹಾರತೈತಿ," ಎಂದಳು ಅವ್ವ. "ಅಲ್ಲೆ ಪುಣ್ಯಾನರ ಬರತೈತಿ."

ಸೀಟಿಗೆಲ್ಲ ರೆಕ್ಸಿನ್ ಹಾಕಿಸಿ, ಕಾರ್ಪೆಟ್ಟು ಕಿತ್ತು ರಬ್ಬರ್ ಮ್ಯಾಟು ಹಾಸಿದೆವು. ಮುಂದೆ ಕೆಸರು ತೊಳೆಯಲು ಇದೇ ಅನುಕೂಲವಾಯಿತು.

ಜೂನ್‌ನಲ್ಲಿ ಹದ ಮಳೆಯಾದ ಮೇಲೆ ಒಂದು ಭಾನುವಾರ ನಾನೂ ಹೆಂಡತಿಯೂ ಬಂಡಿದಾರಿಯನ್ನು ಪರೀಕ್ಷಿಸಲು ಹೋದೆವು. ಆ ದಿನ ಓಡಿಸಿದ್ದು ನಾನು. ಡಾಂಬರು ಬಿಟ್ಟು ಸ್ವಲ್ಪ ದೂರದಲ್ಲೇ ಟೈರಿನ ಕಚ್ಚುಗಳು ಮಣ್ಣಿನಲ್ಲಿ ಮುಚ್ಚಿಹೋಗಿ ಟೈರು ಉಂಡಿಯಂತೆ ನುಣ್ಣಗಾಯಿತು. ಅಗಲವಾದ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಗಿಡಿದು ತುಂಬಿತು. ಎಂಜಿನ್ ಕೂಗುತ್ತಿತ್ತು, ಗಾಲಿ ಅಲುಗಲಿಲ್ಲ.

ಫೋನು ಮಾಡಿದಾಗ ಮಾಮಾ ಎತ್ತು ಹೊಡೆದುಕೊಂಡು ಬಂದ. ನನ್ನ ಸೋದರಮಾವ ಅವನು. ಮಾತಿನಲ್ಲಿ ಅಕ್ಕನಿಗೆ ತಕ್ಕ ತಮ್ಮ.

"ಅಳಿಯಾ, ನಾಕೂ ಗಾಲಿ ತಿರಗತಾವ ಅಂದಿದ್ದೆಲ್ಲೋ. ನಾಕೂ ಕೂಡೇ ನಿಂತಾವಲ್ಲ!"

"ಮಣ್ಣು ಹಿಡದೈತಿ ಮಾಮಾ."

"ಎರಿ ಹೊಲದಾಗ ಮಣ್ಣು ಹಿಡೀದ ಮಲ್ಲಿಗಿ ಹಿಡೀತೈತೇನು? ಇಲ್ಲೆ ಸೈಕಲ್ಲಿಗೂ ಮಡ್‌ಗಾರ್ಡ್ ಕಳದ ಇಡತೇವಿ."

ನಾನು ದುಬಾರಿ ಕೊಟ್ಟು ತಂದಿದ್ದ ಎಳೆಯುವ ಬೆಲ್ಟು ಮೊದಲ ಸಲ ಬಳಕೆಯಾದದ್ದು ಆ ಎತ್ತುಗಳ ನೊಗಕ್ಕೆ. ಜೀಪು ಹಿಮ್ಮುಖವಾಗಿ ಡಾಂಬರು ಸೇರಿತು. ಆ ದೃಶ್ಯವನ್ನು ಹೆಂಡತಿ ಫೋನಿನಲ್ಲಿ ಚಿತ್ರೀಕರಿಸಿದಳು. ಅದು ಈಗಲೂ ಅವಳ ಶಾಲೆಯ ಸಿಬ್ಬಂದಿಯ ಗುಂಪಿನಲ್ಲಿದೆ.

ಮರುವಾರ ಮತ್ತೆ ರಾಣೆಬೆನ್ನೂರಿಗೆ ಹೋದೆವು. ಅಗಲ ಟೈರು ತೆಗೆಸಿ, ಕಚ್ಚುಗಳ ನಡುವೆ ಹೆಚ್ಚು ಜಾಗವಿರುವ ಸಣ್ಣ ಅಗಲದ ಟೈರು ಹಾಕಿಸಿದೆವು. ಗಾಲಿ ಚಿಕ್ಕದಾದ್ದರಿಂದ ಮಡ್‌ಗಾರ್ಡಿನ ಕೆಳಗೆ ಕೈ ಆಡುವಷ್ಟು ಜಾಗ ಸಿಕ್ಕಿತು. ಹೆಚ್ಚಿಸಿದ್ದ ಪ್ಲೇಟುಗಳ ಅಗತ್ಯವೂ ಉಳಿಯಲಿಲ್ಲ, ಅವನ್ನೂ ಬಿಚ್ಚಿಸಿದೆವು.

"ಹಾಕಿದ್ದಕ್ಕೂ ಮಜೂರಿ, ತಗದದ್ದಕ್ಕೂ ಮಜೂರಿ," ಎಂದ ಮಿಸ್ತ್ರಿ. "ನಿಮ್ಮಂಥಾ ಗಿರಾಕಿ ಊರಿಗೊಬ್ರು ಇರಬೇಕ್ರಿ ಸಾಹೇಬ್ರ."

ಆ ದಿನ ಜೀಪನ್ನು ಹೆಂಡತಿ ತಂದಿದ್ದಳು, ಹತ್ತಿ ನೋಡಲೆಂದು ಅವ್ವನನ್ನು ನಾನು ಬಸ್ಸಿನಲ್ಲಿ ಕರೆದುಕೊಂಡು ಬಂದಿದ್ದೆ. ಗಾಡಿ ಇಳಿದಿದ್ದರೂ ಪಕ್ಕದ ಬಾಗಿಲಿನಿಂದ ಹತ್ತಲು ಅವಳಿಗೆ ಆಗಲಿಲ್ಲ. ಮೊಣಕಾಲು ಅಷ್ಟು ಮಡಚುತ್ತಿರಲಿಲ್ಲ. ಮಿಸ್ತ್ರಿ ಕಬ್ಬಿಣದ ಮೆಟ್ಟಿಲಿನ ಅಳತೆ ಹಿಡಿಯತೊಡಗಿದ. ಅವ್ವ ಸುಮ್ಮನೆ ಹಿಂದಕ್ಕೆ ನಡೆದಳು.

"ಚಕ್ಕಡಿ ಯಾರರ ಮಗ್ಗಲದಿಂದ ಹತ್ತತಾರೇನು? ಹಿಂದಿಂದು ತಗೀರಿ."

ಹಿಂಬಾಗಿಲು ತೆಗೆದರು. ಅವಳು ಗಾಡಿಗೆ ಬೆನ್ನು ಮಾಡಿ ನಿಂತಳು. ಈಗ ಅದರ ಅಂಚು ಅವಳ ಸೊಂಟದ ಸಮಕ್ಕಿತ್ತು. ಎರಡೂ ಕೈ ಊರಿ ಕೂತಳು, ಹಿಂದಕ್ಕೆ ಸರಿದಳು, ಕಾಲು ಒಳಗೆ ಎಳೆದುಕೊಂಡಳು. ಹೆಣ್ಣುಮಕ್ಕಳು ಎತ್ತಿನ ಬಂಡಿ ಹತ್ತುವ ರೀತಿ ಅದು. ನಾನು ಚಿಕ್ಕಂದಿನಲ್ಲಿ ದಿನಾ ನೋಡಿದ್ದೆ. ಮೊಣಕಾಲಿಗೆ ಅದರಲ್ಲಿ ಕೆಲಸವೇ ಇಲ್ಲ.

"ಆತಲ್ಲ? ಇನ್ನ ಮ್ಯಾಲ ಹೊಡೀರಿ ಗಾಡಿ," ಎಂದು ಒಳಗಿನಿಂದಲೇ ಕೂಗಿದಳು.

ಉಳಿದ ಕೆಲಸ ಸಲೀಸಾಯಿತು. ಹಿಂಬಾಗಿಲು ಕೆಳಗೆ ಬಿಚ್ಚಿಕೊಂಡು ಎರಡು ಸರಪಳಿಯ ಮೇಲೆ ಮಟ್ಟವಾಗಿ ನಿಲ್ಲುವಂತೆ ಮಿಸ್ತ್ರಿ ಮಾಡಿಕೊಟ್ಟ. ಬಲಗಡೆ ಹಿಡಿಯಲು ಒಂದು ಹಿಡಿಕೆ ಬಂತು. ಒಳಗೆ ಒಂದು ಬೆಂಚು. ಹೆಂಡತಿಯ ಹಟದಿಂದ ಅದಕ್ಕೆ ಸೀಟ್ ಬೆಲ್ಟು. ಬೆಂಚಿನ ಮೇಲೆ ಹಾಸಲು ಅವ್ವ ಹಳೆಯ ಸೀರೆಗಳ ಕೌದಿ ಹೊಲಿದಳು. ಶಾಲೆಯ ದಿನಗಳಲ್ಲಿ ಅದೇ ಬಾಗಿಲು ಹೆಂಡತಿಗೆ ಉತ್ತರಪತ್ರಿಕೆಗಳ ಕಟ್ಟು ಇಳಿಸುವ ಹಲಗೆಯಾಯಿತು.

ಪಂಚಮಿಯ ಹಿಂದಿನ ದಿನ, ರೊಟ್ಟಿ ಪಂಚಮಿಗೆ, ಮಾಮಾ ಹಾವೇರಿಗೆ ಬಂದ. ತವರಿನವರು ಬಂದು ಕರೆಯದೆ ಅವ್ವ ಹೊರಡುವವಳಲ್ಲ. ರಾತ್ರಿಯೆಲ್ಲ ಮಳೆ ಸುರಿಯಿತು. ಬೆಳಿಗ್ಗೆ ಹೆಂಡತಿ ಸ್ಟೇರಿಂಗ್ ಹಿಡಿದಳು. ದಿನಾ ಓಡಿಸಿ ಗಾಡಿಯ ಸ್ವಭಾವ ಅವಳಿಗೇ ಚೆನ್ನಾಗಿ ಗೊತ್ತಿತ್ತು, ಈ ವಿಷಯದಲ್ಲಿ ಮನೆಯಲ್ಲಿ ಚರ್ಚೆಯಾಗಲಿಲ್ಲ.

ಡಾಂಬರು ಮುಗಿದಲ್ಲಿ ಅವಳು ನಾಲ್ಕೂ ಗಾಲಿಯ ಲಿವರ್ ಹಾಕಿ ಸಣ್ಣ ಗೇರಿನಲ್ಲಿ ಬಿಟ್ಟಳು. ನಾನು ಪ್ಯಾಂಟು ಮಡಚಿ, ಕಳೆ ತೆಗೆಯುವ ಕುರಪಿ ಹಿಡಿದು ಪಕ್ಕದಲ್ಲಿ ನಡೆದೆ. ಜೀಪು ಸೊಂಟ ತಿರುಗಿಸುತ್ತ ಮುಂದೆ ಹೋಯಿತು.

"ಅಕ್ಕಾ, ಗಟ್ಟಿ ಹಿಡಕೋ!" ಮಾಮಾ ಜೀಪಿನೊಳಗಿಂದ ಕೂಗಿದ.

"ನೀ ಹಿಡಕೋ. ನನ್ನ ಆಕಿ ಕಟ್ಟಿ ಹಾಕ್ಯಾಳ."

ಜೂನ್‌ನಲ್ಲಿ ಸಿಕ್ಕಿಬಿದ್ದಿದ್ದ ಜಾಗದಲ್ಲಿ ಹಿಂದಿನ ಗಾಲಿ ಸುಮ್ಮನೆ ತಿರುಗತೊಡಗಿತು. ಹೆಂಡತಿ ನಿಲ್ಲಿಸಿದಳು. ನಾನು ನಾಲ್ಕೂ ಗಾಲಿಯ ಮಣ್ಣು ಕೆರೆದೆ. ಈ ಸಲ ಕುರಪಿ ಒಳಗೆ ಹೋಗುವಷ್ಟು ಜಾಗವಿತ್ತು. ಅವಳು ಸ್ವಲ್ಪ ಹಿಂದಕ್ಕೆ ತೆಗೆದುಕೊಂಡು, ಸ್ಟೇರಿಂಗನ್ನು ಆಚೀಚೆ ಆಡಿಸುತ್ತ ಮುಂದೆ ಬಿಟ್ಟಳು. ಗಾಲಿಗೆ ಹಿಡಿತ ಸಿಕ್ಕಿ ಗಾಡಿ ಹೊರಟಿತು. ಎರಚಿದ ಕೆಸರೆಲ್ಲ ನನ್ನ ಮೇಲೆ ಬಿತ್ತು.

"ನಿಲ್ಲಬ್ಯಾಡ್ವಾ, ಹೊಡಿ! ಅವ ನಡಕೋತ ಬರ್ತಾನ!" ಅವ್ವನ ದನಿ ಎಂಜಿನ್ನಿಗಿಂತ ಜೋರಾಗಿ ಕೇಳಿಸಿತು.

ನಾನು ಅಂಗಳ ಮುಟ್ಟುವಾಗ ಹಿಂಬಾಗಿಲು ಬಿಚ್ಚಿತ್ತು. ಅವ್ವ ಅದರ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಒಂದು ಕೈಯಲ್ಲಿ ಶೇಂಗಾ ಉಂಡಿ ಹಿಡಿದು, ಸುತ್ತ ನಿಂತ ಹೆಣ್ಣುಮಕ್ಕಳೊಂದಿಗೆ ಮಾತಾಡುತ್ತಿದ್ದಳು. ಉಂಡಿ ಮುಗಿದ ಮೇಲೆ ಹಿಡಿಕೆ ಹಿಡಿದು ಇಳಿದಳು. ನೇರ ಬೇವಿನ ಮರಕ್ಕೆ ಪಂಚಮಿಗೆಂದು ಕಟ್ಟಿದ್ದ ಜೋಕಾಲಿಗೆ ಹೋಗಿ ಕೂತಳು, ಮಾಮಾ ಹಿಂದೆ ನಿಂತ.

"ಸಾವಕಾಶ ತೂಗೋ ತಮ್ಮಾ," ಎಂದಳು. ನಾಲ್ಕು ಸಲ ತೂಗಿದ ಮೇಲೆ, "ಇಷ್ಟ ಏನು? ಉಂಡಿ ತಿಂದಿಲ್ಲೇನು?" ಎಂದಳು.

ಮರುದಿನ ನಾವು ಹೊರಟಾಗ ಅವ್ವ ಬರಲಿಲ್ಲ. ಮುಂದಿನ ವಾರ ಜೀಪು ಮತ್ತೊಮ್ಮೆ ಹೋಗಿ ಅವಳನ್ನು ಕರೆತಂದಿತು.

ಈ ವರ್ಷ ಪಂಚಮಿಗೆ ಅವ್ವನ ಅಕ್ಕನೂ ಬರುತ್ತೇನೆಂದು ಹೇಳಿ ಕಳಿಸಿದ್ದಾಳೆ. ಆಕೆಗೆ ಎಡಗೈಯಲ್ಲಿ ಶಕ್ತಿ ಹೆಚ್ಚು. ಜೀಪು ನಿನ್ನೆಯಿಂದ ರಾಣೆಬೆನ್ನೂರಿನ ಗ್ಯಾರೇಜಿನಲ್ಲಿದೆ. ಎಡಗಡೆಗೂ ಒಂದು ಹಿಡಿಕೆ ಬೆಸುಗೆ ಹಾಕಲಾಗುತ್ತಿದೆ.