ಫ್ರಿಸ್ಕೋಗೆ ಹೋದ ಹಣ್ಣುಕಾಯಿ

ಡಲ್ಲಾಸ್ ಪಕ್ಕದ ಯೂಲೆಸ್‌ನ ಕುಮುದಾ ಹದಿನಾಲ್ಕು ವರ್ಷಗಳಿಂದ ದುಭಾಷಿ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ನಲ್ಲಿ ಆರೋಪಿಗಳ ಪರ ವಾದಿಸುವ ವಕೀಲರು ಕನ್ನಡ ಬೇಕಾದಾಗ ಇವಳನ್ನು ಕರೆಯುತ್ತಾರೆ. ಅಂಥ ಕೇಸುಗಳು ಕಡಿಮೆ. ಬಂದವೂ ನಾಲ್ಕು ಜನರ ಮುಂದೆ ಹೇಳುವಂಥವಲ್ಲ. ಯುಗಾದಿ ಊಟದಲ್ಲಿ ಯಾರಾದರೂ "ಏನ್ ಕೆಲಸ ಮಾಡ್ತೀರಿ?" ಎಂದರೆ "ಟ್ರಾನ್ಸ್‌ಲೇಷನ್" ಎಂದು ಹೋಳಿಗೆಯತ್ತ ತಿರುಗುತ್ತಾಳೆ. ಆರೋಪಿಗಳ ಪರ ಕೆಲಸ ಮಾಡುತ್ತಾಳೆಂದು ಮೂಗು ಮುರಿಯುವವರೇ ತಮ್ಮ ಮನೆಗೇ ಕೇಸು ಬಂದಾಗ ಅವಳ ನಂಬರ್ ಹುಡುಕುತ್ತಾರೆ. ನನಗೆ ಅವರನ್ನು ಕಂಡರೆ ಮೈ ಉರಿಯುತ್ತದೆ. ಕುಮುದಾಗೆ ಉರಿಯುವುದಿಲ್ಲ.

ಅವಳದು ಒಂದೇ ನಿಯಮ. ಎಲ್ಲರಿಗೂ ಮೊದಲೇ ಹೇಳಿಬಿಡುತ್ತಾಳೆ: "ನನ್ನ ಮುಂದೆ ಆಡಿದ್ದೆಲ್ಲ ಇಂಗ್ಲಿಷ್‌ಗೆ ಹೋಗುತ್ತೆ. ಬೈದ್ರೂ ಹೋಗುತ್ತೆ."

ಅಲೆನ್ ಊರಿನ ಸುಶೀಲಮ್ಮನಿಗೂ ಹೇಳಿದ್ದಳು. ಅವರ ಮಗ ಅನಿರುದ್ಧ್ ವಿಮಾನದಲ್ಲಿ ಪಕ್ಕದ ಸೀಟಿನಲ್ಲಿ ನಿದ್ದೆ ಹೋಗಿದ್ದ ಹೆಂಗಸಿನ ಮೈ ಮುಟ್ಟಿದ ಎಂಬುದು ಆರೋಪ. ಹಾರುವ ವಿಮಾನದಲ್ಲಿ ನಡೆದದ್ದರಿಂದ ಅದು ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕೇಸು. ಆಕೆ ಪಕ್ಕದೂರು ಫ್ರಿಸ್ಕೋದ ಸಮೀಕ್ಷಾ, ಕನ್ನಡದವಳೇ. ವಿಚಾರಣೆ ಮುಗಿಯುವ ತನಕ ಅನಿರುದ್ಧ್ ಮನೆಯಲ್ಲಿರಬಹುದು, ಆದರೆ ತಾನಾಗಲಿ ಬೇರೆಯವರ ಮೂಲಕವಾಗಲಿ ಸಮೀಕ್ಷಾಳನ್ನು ಸಂಪರ್ಕಿಸಿದರೆ ವಾಪಸ್ ಜೈಲು ಎಂದು ನ್ಯಾಯಾಧೀಶರು ಷರತ್ತು ಹಾಕಿದ್ದರು. ಕುಮುದಾ ಅದನ್ನು ಎರಡು ಸಲ ಕನ್ನಡದಲ್ಲಿ ಹೇಳಿದ್ದಳು. ಸುಶೀಲಮ್ಮ ತಲೆಯಾಡಿಸಿದ್ದರು.

ಮೂರನೇ ವಾರ ಸುಶೀಲಮ್ಮ ದೇವಸ್ಥಾನದ ಪರಿಚಯದವರ ಕಾರಿನಲ್ಲಿ ಫ್ರಿಸ್ಕೋಗೆ ಹೋದರು. ತೆಂಗಿನಕಾಯಿ, ಬಾಳೆಹಣ್ಣು, ರವಿಕೆ ಕಣ ತಟ್ಟೆಯಲ್ಲಿಟ್ಟುಕೊಂಡು ಸಮೀಕ್ಷಾಳ ಬಾಗಿಲು ತಟ್ಟಿದರು. ಸಮೀಕ್ಷಾ ತಟ್ಟೆ ಮುಟ್ಟಲಿಲ್ಲ. ಬಂದ ಮುತ್ತೈದೆಯನ್ನು ಹಾಗೇ ಕಳಿಸಬಾರದೆಂದು ಕುಂಕುಮ ಕೊಟ್ಟಳು, ಬಾಗಿಲು ಹಾಕಿಕೊಂಡಳು, ಸರ್ಕಾರಿ ವಕೀಲರಿಗೆ ಫೋನ್ ಮಾಡಿದಳು. ಎಲ್ಲವೂ ಕ್ರಮವಾಗಿ ನಡೆಯಿತು.

ಅನಿರುದ್ಧನ ವಕೀಲೆ ಲಿಂಡಾ ಸುಶೀಲಮ್ಮನನ್ನು ಕಚೇರಿಗೆ ಕರೆಸಿದಳು. ಯಾಕೆ ಹೋದಿರಿ ಎಂದು ಕೇಳಿದಳು. ಕುಮುದಾ ಕನ್ನಡದಲ್ಲಿ ಕೇಳಿದಳು.

"ಅವನು ಹೋಗ್ಬಾರ್ದು ಅಂದ್ರು. ಅವನು ಹೋಗ್ಲಿಲ್ಲ. ನಾನು ಹೋದೆ."

"ಹೋಗಿ ಏನಂದ್ರಿ?"

"ತಪ್ಪಾಯ್ತು, ಕ್ಷಮಿಸಮ್ಮ ಅಂದೆ."

ಲಿಂಡಾ ಪೆನ್ ಕೆಳಗಿಟ್ಟಳು. ಅನಿರುದ್ಧ್ ತಪ್ಪೇ ಮಾಡಿಲ್ಲವೆಂದು ವಾದಿಸಲು ಮೂರು ವಾರದಿಂದ ಕಾಗದ ಜೋಡಿಸುತ್ತಿದ್ದಳು. ಮಾಡದ ತಪ್ಪಿಗೆ ಕ್ಷಮೆ ಯಾಕೆ ಎಂದಳು.

ಸುಶೀಲಮ್ಮ ಕುಮುದಾಳ ಕಿವಿಯ ಹತ್ತಿರ ಬಗ್ಗಿದರು. "ಇದನ್ನ ಅವರಿಗೆ ಹೇಳ್ಬೇಡಮ್ಮ. ಮನೆಗೆ ಬಂದ ದಿನಾನೇ ನಾನು ಅವನನ್ನ ಕೇಳ್ದೆ. ಹೌದಮ್ಮ, ಮುಟ್ಟಿದೆ ಅಂದ."

ಕುಮುದಾ ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದಳು, "ಹೇಳ್ಬೇಡಮ್ಮ" ಎಂಬುದನ್ನೂ ಬಿಡದೆ.

ಮರುದಿನ ಕೋರ್ಟಿನಲ್ಲಿ ಷರತ್ತು ಮುರಿದದ್ದರ ವಿಚಾರಣೆಗೆ ಲಿಂಡಾ ಸುಶೀಲಮ್ಮನನ್ನು ಸಾಕ್ಷಿಗೆ ಕರೆಯಲಿಲ್ಲ; ಕರೆದರೆ ಮಗ ಒಪ್ಪಿಕೊಂಡದ್ದೂ ಹೊರಬೀಳುತ್ತಿತ್ತು. ವಯಸ್ಸಾದ ತಾಯಿ, ಭಾಷೆ ಬಾರದು, ಮಗ ಕಳಿಸಿದ್ದಲ್ಲ ಎಂದು ಚೆನ್ನಾಗಿಯೇ ವಾದಿಸಿದಳು. ಆದರೂ ಹನ್ನೊಂದು ನಿಮಿಷದಲ್ಲಿ ಅನಿರುದ್ಧನನ್ನು ವಾಪಸ್ ಜೈಲಿಗೆ ಕರೆದುಕೊಂಡು ಹೋದರು. ತಪ್ಪೊಪ್ಪಿಕೊಂಡರೆ ಶಿಕ್ಷೆ ಎಷ್ಟು ಕಡಿಮೆಯಾದೀತೆಂಬ ಮಾತುಕತೆ ಶುರುಮಾಡಲು ಲಿಂಡಾ ಸರ್ಕಾರಿ ವಕೀಲರ ಕಡೆ ನಡೆದಳು.

ಹೊರಗಿನ ಬೆಂಚಿನಲ್ಲಿ ಸುಶೀಲಮ್ಮ ಕೂತಿದ್ದರು. "ಎಲ್ಲಾ ಹೇಳ್ಬಿಟ್ಯಲ್ಲ."

"ಹೇಳ್ದೆ ಅಮ್ಮ."

"ಆ ಹುಡುಗಿ ಏನಂದ್ಲು ಅಂತ ಮಾತ್ರ ನಿಮ್ಮ ವಕೀಲರು ಕೇಳ್ಲೇ ಇಲ್ಲ."

"ಏನಂದ್ಲು?"

"ಕುಂಕುಮ ಕೊಡ್ತಾ ಅಂದ್ಲು, ಇಷ್ಟು ಜನದಲ್ಲಿ ನನ್ನ ಹತ್ರ ತಪ್ಪಾಯ್ತು ಅಂದಿದ್ದು ನೀವೊಬ್ರೇ ಆಂಟಿ ಅಂತ."

ಅಭ್ಯಾಸಬಲದಿಂದ ಕುಮುದಾ ಅದನ್ನು ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆದಳು. ಪಕ್ಕದಲ್ಲಿ ಇಂಗ್ಲಿಷ್ ಬೇಕಾದವರು ಯಾರೂ ಇರಲಿಲ್ಲ. ಅವಳು ಬೆಂಚಿನ ಮೇಲೆ ಕೂತು ಅತ್ತಳು.